ಪರಿಮಳ, ತಾಯಿಯ ಮನಸ್ಸು ಮತ್ತು ದಿನ ತುಂಬದ ಕೂಸು

(ಬಾಣಂತಿಯರು ಹಾಗೂ ಅವರ ಜೊತೆಗಿರುವ ಬಂಧುಗಳಿಗಾಗಿ ನಮ್ಮ ಆಸ್ಪತ್ರೆಯಲ್ಲಿ ನಡೆಯುವ ಆರೋಗ್ಯ ಉಪನ್ಯಾಸ ಮಾಲೆಯಲ್ಲಿ ನವಜಾತ ಶಿಶು ವಿಭಾಗದ ವೈದ್ಯರು ಆಡಿದ ಮಾತುಗಳ ಬರಹ ರೂಪ)

 

ಪ್ರತಿದಿನ ತಾವು ನಮ್ಮನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಮ್ಮ ಕೂಸು ಹೆಂಗೈತ್ರಿ?" ಕೂಸಿನ ತೂಕ, ಉಸಿರು, ಹಾಲಿನ ಪ್ರಮಾಣ ಇವುಗಳ ಬಗ್ಗೆ ನಾವು ದಿನವೂ ಮಾತನಾಡುತ್ತೇವೆ. ಆದರೆ "ಕೂಸಿನ ತಾಯಿ ಹೆಂಗದಾಳ?" ಎಂದು ಕೇಳುವವರು ಕಡಿಮೆ. ಇವತ್ತು ಆ ತಾಯಿಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ. ಅವಳ ಆತಂಕವನ್ನು ಸ್ವಲ್ಪ ಇಳಿಸಲು ಪರಿಮಳದಿಂದ ಸಹಾಯವಾಗುತ್ತದೆಯೇ ಎಂಬುದು ವಿಷಯ. ಇದಕ್ಕೆ ಅರೋಮಾಥೆರಪಿ, ಅಂದರೆ ಸುಗಂಧ ಚಿಕಿತ್ಸೆ ಎನ್ನುತ್ತಾರೆ. ಪತ್ರಿಕೆಯಲ್ಲಿ ಓದಿದವರು, ಟಿ.ವಿ.ಯಲ್ಲಿ ನೋಡಿದವರು, ಅಂಗಡಿಯಿಂದ ಚಿಕ್ಕ ಬಾಟಲಿ ಕೊಂಡು ತಂದವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಅದರಲ್ಲಿ ಎಷ್ಟು ಹುರುಳಿದೆ, ಎಲ್ಲಿ ಅಪಾಯವಿದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ದಿನ ತುಂಬದ ಕೂಸು ಎಂದರೆ

ಗರ್ಭದಲ್ಲಿ 37 ವಾರ ಪೂರ್ಣವಾಗುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತೇವೆ. 28 ವಾರಕ್ಕಿಂತ ಮೊದಲು ಹುಟ್ಟಿದರೆ ಅಪಾಯ ಬಹಳ ಹೆಚ್ಚು. 34 ವಾರ ದಾಟಿದ ಮೇಲೆ ಹುಟ್ಟಿದರೆ ಸಾಕಷ್ಟು ಕಡಿಮೆ. 2020ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಆ ಒಂದು ವರ್ಷ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ಭಾರತದವರು. ಆದ್ದರಿಂದ ತಾಯಂದಿರೇ, ಇದು ನಿಮ್ಮೊಬ್ಬರಿಗೇ ಬಂದ ಕಷ್ಟವಲ್ಲ.

ಏಕೆ ಹೀಗಾಯಿತು ಎಂದು ನೀವು ಹಗಲು ರಾತ್ರಿ ಯೋಚಿಸುತ್ತೀರಿ. ಮೂತ್ರದ ಸೋಂಕು ಅಥವಾ ಗರ್ಭಕೋಶದ ಸೋಂಕು, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ ಜವಳಿ, ಗರ್ಭಕೋಶದ ಬಾಯಿ ಸಡಿಲವಿರುವುದು, ಹಿಂದೆಯೂ ಬೇಗ ಹೆರಿಗೆಯಾಗಿರುವುದು - ಇವು ಗೊತ್ತಿರುವ ಕಾರಣಗಳು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಆದರೆ ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ, ಕೊಡ ಎತ್ತಿದ್ದಕ್ಕೆ, ಯಾರದೋ ಕಣ್ಣು ಬಿದ್ದದ್ದಕ್ಕೆ ಹೀಗಾಯಿತು ಎಂದು ಆಕೆಯನ್ನು ಅಂದು ಆಡಬೇಡಿರಿ. ಆಕೆ ಮೊದಲೇ ತನ್ನನ್ನು ತಾನು ಬೇಕಾದಷ್ಟು ಬೈದುಕೊಂಡಿರುತ್ತಾಳೆ.

ತಾಯಿಯ ಮನಸ್ಸಿನಲ್ಲಿ ಏನಾಗುತ್ತದೆ

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಚೊಚ್ಚಲ ಹೆರಿಗೆ. 31ನೇ ವಾರಕ್ಕೆ ಹೆರಿಗೆಯಾಗಿ 1 ಕೆ.ಜಿ. 300 ಗ್ರಾಂ ತೂಕದ ಹೆಣ್ಣು ಕೂಸು. ಮೊದಲ ಮೂರು ದಿನ ಆ ತಾಯಿ ಎನ್‌ಐಸಿಯು ಬಾಗಿಲಿನ ತನಕ ಬಂದು, ಅಲ್ಲೇ ಬೆಂಚಿನ ಮೇಲೆ ಕುಳಿತುಬಿಡುತ್ತಿದ್ದಳು. ಗಂಡ ಒಳಗೆ ಹೋಗಿ ನೋಡಿ ಬಂದ, ಅತ್ತೆ ನೋಡಿ ಬಂದರು. ಆಕೆ ಮಾತ್ರ ಬರಲಿಲ್ಲ. ಮನೆಯವರು "ಇಕೀಗೆ ಕೂಸಿನ ಮ್ಯಾಲೆ ಮಾಯೆ ಇಲ್ಲ" ಅಂದರು. ನಮ್ಮ ಸಿಸ್ಟರ್ ಪಕ್ಕದಲ್ಲಿ ಕುಳಿತು ಕೇಳಿದಾಗ ಆಕೆ ಹೇಳಿದ ಮಾತು ಇದು: "ಅಕ್ಕಾರ, ಒಳಗಿನ ಮಷೀನ್ ಕೂಗಿದ್ದು ಇಲ್ಲಿಗೂ ಕೇಳಿಸ್ತೈತ್ರಿ. ಅದು ನನ್ನ ಕೂಸಿಂದ ಅನ್ನಿಸ್ತೈತಿ. ಕಾಲು ಏಳವಲ್ಲವ್ರಿ." ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ರಾತ್ರಿ ನಿದ್ದೆ ಇರಲಿಲ್ಲ. ಹಿಂಡಿದರೆ ನಾಲ್ಕು ಹನಿ ಹಾಲೂ ಬರುತ್ತಿರಲಿಲ್ಲ.

ಇದು ಮಾಯೆ ಇಲ್ಲದ್ದಲ್ಲ, ಆತಂಕ. ಅಪಾಯ ಬಂದಾಗ ನಮ್ಮ ಶರೀರ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಚಿಕ್ಕದಾಗುತ್ತದೆ, ಹೊಟ್ಟೆ ತೊಳಸುತ್ತದೆ. ಹಾವು ಕಂಡಾಗ ಓಡಲು ಇದು ಬೇಕು. ಆದರೆ ವಾರಗಟ್ಟಲೆ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ತಾಯಿಗೆ ಓಡಲು ಜಾಗವಿಲ್ಲ.

ಇದರಿಂದ ಕೂಸಿಗೂ ನಷ್ಟವಿದೆ. ಎದೆಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬೇಕು; ತಯಾರಾದ ಹಾಲು ಹೊರಗೆ ಹರಿಯಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಹೆದರಿಕೆ, ನೋವು, ಅವಮಾನ ಇವು ಎರಡನೆಯದನ್ನು ತಡೆಯುತ್ತವೆ. ಎದೆಯಲ್ಲಿ ಹಾಲಿದ್ದರೂ ಇಳಿಯುವುದಿಲ್ಲ. "ಹಾಲೇ ಇಲ್ಲ" ಎಂದು ಮತ್ತೆ ಆತಂಕ ಹೆಚ್ಚುತ್ತದೆ. ಈ ಸುತ್ತು ಎಲ್ಲಾದರೂ ಒಂದು ಕಡೆ ಮುರಿಯಬೇಕು. ದಿನ ತುಂಬದ ಕೂಸಿಗೆ ತಾಯಿಯ ಹಾಲು ಔಷಧಿಯಷ್ಟೇ ಮುಖ್ಯ ಎಂಬುದು ನಿಮಗೆಲ್ಲ ತಿಳಿದಿದೆ.

ಸುಗಂಧ ಚಿಕಿತ್ಸೆ ಎಂದರೇನು

ಹೂವು, ಎಲೆ, ಸಿಪ್ಪೆ, ಬೇರು, ಕಟ್ಟಿಗೆ ಇವುಗಳನ್ನು ಹಬೆಯಿಂದ ಬಟ್ಟಿ ಇಳಿಸಿದಾಗ ಅಥವಾ ಹಿಂಡಿದಾಗ ಸಿಗುವ, ಗಾಳಿಗೆ ಆರಿಹೋಗುವ ಗಟ್ಟಿ ಪರಿಮಳದ ಎಣ್ಣೆಗೆ ಸುಗಂಧ ತೈಲ ಎನ್ನುತ್ತಾರೆ. ಇದನ್ನು ಆರೋಗ್ಯಕ್ಕಾಗಿ ಮೂಸುವುದು ಅಥವಾ ಬೇರೆ ಎಣ್ಣೆಯಲ್ಲಿ ತೆಳುವಾಗಿ ಬೆರೆಸಿ ಹಚ್ಚುವುದೇ ಸುಗಂಧ ಚಿಕಿತ್ಸೆ. ಈ ಹೆಸರನ್ನು ಬಳಕೆಗೆ ತಂದವರು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮೋರಿಸ್ ಗಾಟ್‌ಫೋಸೆ. 1910ರಲ್ಲಿ ಪ್ರಯೋಗಾಲಯದ ಅವಘಡದಲ್ಲಿ ಅವರ ಕೈ ಸುಟ್ಟಿತು. ಆ ಗಾಯಕ್ಕೆ ಲ್ಯಾವೆಂಡರ್ ಎಣ್ಣೆ ಬಳಸಿದ ಅನುಭವದಿಂದ ಅವರ ಆಸಕ್ತಿ ಬೆಳೆಯಿತು. 1937ರಲ್ಲಿ ಅವರು ಇದೇ ಹೆಸರಿನ ಪುಸ್ತಕ ಪ್ರಕಟಿಸಿದರು.

ಹೆಸರು ಹೊಸದಾದರೂ ಪರಿಮಳ ನಮಗೆ ಹೊಸದಲ್ಲ. ಮೈಸೂರಿನಲ್ಲಿ 1916ರಿಂದಲೇ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಇದೆ. ಹಡಗಲಿಯ ಮಲ್ಲಿಗೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನಮ್ಮ ಹೆಣ್ಣುಮಕ್ಕಳು ಮುಡಿಯುವ ದಂಡೆಯಲ್ಲಿ ಮರುಗ, ದವನ ಇದ್ದೇ ಇರುತ್ತವೆ. ಲ್ಯಾವೆಂಡರ್ ಎಣ್ಣೆಯಲ್ಲಿರುವ ಮುಖ್ಯ ಅಂಶಗಳಲ್ಲಿ ಒಂದು ಲಿನಲೂಲ್. ಅದೇ ಲಿನಲೂಲ್ ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜದ ಪರಿಮಳದಲ್ಲಿಯೂ ಇದೆ.

ಪರಿಮಳ ಮನಸ್ಸನ್ನು ಏಕೆ ಮುಟ್ಟುತ್ತದೆ? ಕಣ್ಣು, ಕಿವಿಗಳಿಂದ ಬರುವ ಸುದ್ದಿ ಮೊದಲು ಮೆದುಳಿನ ನಡುವಿನ ಒಂದು ಕೇಂದ್ರಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಹಂಚಿಕೆಯಾಗುತ್ತದೆ. ಮೂಗಿನ ಸುದ್ದಿ ಹಾಗಲ್ಲ. ಮೂಗಿನ ಮೇಲ್ಭಾಗದಲ್ಲಿರುವ ನರಗಳಿಂದ ಹೊರಟು, ಭಯ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಅದು ಹತ್ತಿರದ ದಾರಿಯಲ್ಲೇ ತಲುಪುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ತವರುಮನೆ ನೆನಪಾಗುವುದು ಇದರಿಂದಲೇ. ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ ಬಂದ ಕೂಡಲೇ ಎದೆ ಧಸಕ್ಕೆನ್ನುವುದೂ ಇದರಿಂದಲೇ.

ಅಧ್ಯಯನಗಳು ಏನು ಹೇಳುತ್ತವೆ

ಆತಂಕವನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ಸ್ಪೀಲ್‌ಬರ್ಗರ್ ಅವರು ರೂಪಿಸಿದ ಪ್ರಶ್ನಾವಳಿಯೊಂದು ಬಹಳ ಬಳಕೆಯಲ್ಲಿದೆ. "ಈಗ ನಾನು ನೆಮ್ಮದಿಯಾಗಿದ್ದೇನೆ", "ಈಗ ನನಗೆ ದಿಗಿಲಾಗುತ್ತಿದೆ" ಎಂಬ ಬಗೆಯ 20 ಹೇಳಿಕೆಗಳಿಗೆ 1ರಿಂದ 4ರವರೆಗೆ ಅಂಕ. ಒಟ್ಟು 20ರಿಂದ 80ರ ನಡುವೆ ಬರುತ್ತದೆ. ಹೆಚ್ಚು ಅಂಕ ಬಂದಷ್ಟೂ ಆತಂಕ ಹೆಚ್ಚು. ಸುಗಂಧ ಮೂಸುವ ಮೊದಲು ಮತ್ತು ನಂತರ ಇಂಥ ಅಂಕಗಳನ್ನು ಹೋಲಿಸಿ ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ಬಾಣಂತಿಯರ ವಿಷಯದಲ್ಲಿ 2012ರಲ್ಲಿ ಅಮೆರಿಕದಿಂದ ಒಂದು ಚಿಕ್ಕ ಅಧ್ಯಯನ ಪ್ರಕಟವಾಯಿತು. 28 ಬಾಣಂತಿಯರು, ಗುಲಾಬಿ ಮತ್ತು ಲ್ಯಾವೆಂಡರ್ ಎಣ್ಣೆಗಳ ತೆಳು ಮಿಶ್ರಣ, ವಾರಕ್ಕೆ ಎರಡು ಸಲ, ಸಲಕ್ಕೆ 15 ನಿಮಿಷದಂತೆ ನಾಲ್ಕು ವಾರ. ಪರಿಮಳ ಪಡೆದವರಲ್ಲಿ ಆತಂಕ ಮತ್ತು ಖಿನ್ನತೆಯ ಅಂಕಗಳು ಹೆಚ್ಚು ಇಳಿದವು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ಚಿಕ್ಕವು. ಮಾತ್ರೆಯ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂದು ಮುಚ್ಚಿಡಬಹುದು. ಪರಿಮಳವನ್ನು ಮೂಗಿನಿಂದ ಮುಚ್ಚಿಡಲಾಗದು. ಹದಿನೈದು ನಿಮಿಷ ಒಬ್ಬರು ಪಕ್ಕದಲ್ಲಿ ಕುಳಿತು ಕಾಳಜಿ ಮಾಡಿದ್ದರಿಂದ ಎಷ್ಟು ನೆಮ್ಮದಿ ಸಿಕ್ಕಿತು, ಎಣ್ಣೆಯಿಂದ ಎಷ್ಟು ಸಿಕ್ಕಿತು ಎಂದು ಬೇರ್ಪಡಿಸುವುದೂ ಕಷ್ಟ. ಆದ್ದರಿಂದ ಇದು ರೋಗ ಗುಣಪಡಿಸುವ ಔಷಧಿ ಎಂದು ನಾನು ಹೇಳುವುದಿಲ್ಲ. ಖರ್ಚು ಕಡಿಮೆ, ಸರಿಯಾಗಿ ಬಳಸಿದರೆ ತೊಂದರೆ ಕಡಿಮೆ, ಕೆಲವರಿಗೆ ಆ ಹೊತ್ತಿನ ದಿಗಿಲು ಇಳಿಯುತ್ತದೆ - ಇಷ್ಟು ಹೇಳಬಹುದು.

ಆ ಬೆಂಚಿನ ಮೇಲೆ ಕುಳಿತಿದ್ದ ತಾಯಿಗೆ ಸಿಸ್ಟರ್ ಒಂದು ಹತ್ತಿಯ ಉಂಡೆಗೆ ಒಂದು ಹನಿ ಲ್ಯಾವೆಂಡರ್ ಎಣ್ಣೆ ಹಾಕಿ ಕೊಟ್ಟರು. ಇಬ್ಬರೂ ಸೇರಿ ಐದು ನಿಮಿಷ ನಿಧಾನವಾಗಿ ಉಸಿರಾಡಿದರು. ಮೊದಲ ದಿನ ಆಕೆ ಬಾಗಿಲಿನ ಗಾಜಿನಿಂದ ಕೂಸನ್ನು ನೋಡಿದಳು. ಮರುದಿನ ಕೈ ತೊಳೆದುಕೊಂಡು ಒಳಗೆ ಬಂದಳು, ಕೂಸಿನ ಅಂಗಾಲು ಮುಟ್ಟಿದಳು. ಆ ಸಂಜೆ ಹಿಂಡಿದಾಗ ಎರಡು ಚಮಚೆ ಹಾಲು ಬಂತು. ಪರಿಮಳದಿಂದ ಎಷ್ಟು, ಸಿಸ್ಟರ್ ಕೈ ಹಿಡಿದಿದ್ದರಿಂದ ಎಷ್ಟು ಎಂದು ನನ್ನನ್ನು ಕೇಳಿದರೆ ಹೇಳಲಾರೆ. ಆದರೆ ಆ ಬಾಗಿಲು ದಾಟಿದ ಮೇಲೆ ಆಕೆ ಒಂದು ದಿನವೂ ಹೊರಗೆ ಉಳಿಯಲಿಲ್ಲ.

ಬಳಸುವ ಕ್ರಮ

ಬಳಸಬೇಕೆನ್ನುವ ತಾಯಂದಿರು ಮೊದಲು ಸಿಸ್ಟರ್ ಅವರಿಗಾಗಲಿ ನಮಗಾಗಲಿ ತಿಳಿಸಬೇಕು. ನಂತರ ಹೀಗೆ ಮಾಡಿರಿ.

1. ಬಳಸುವ ಜಾಗ ತಾಯಂದಿರ ಕೊಠಡಿ ಅಥವಾ ಹೊರಗಿನ ಅಂಗಳ. ಎನ್‌ಐಸಿಯು ಒಳಗೆ ಖಂಡಿತ ಬೇಡ. ಪಕ್ಕದ ತಾಯಿಗೆ ಆ ವಾಸನೆ ಆಗುತ್ತದೆಯೇ ಎಂದು ಕೇಳಿಕೊಳ್ಳಿರಿ.

2. ಹತ್ತಿಯ ಉಂಡೆಗೆ ಒಂದೇ ಒಂದು ಹನಿ ಸಾಕು. ಮೂಗಿನಿಂದ ಅರ್ಧ ಗೇಣು ದೂರದಲ್ಲಿ ಹಿಡಿಯಿರಿ. ಮೂಗಿಗೆ ಒತ್ತಬೇಡಿರಿ, ಮೂಗಿನೊಳಗೆ ಸವರಬೇಡಿರಿ.

3. ಬೆನ್ನು ನೇರ ಮಾಡಿ, ಭುಜ ಸಡಿಲ ಬಿಟ್ಟು ಕುಳಿತುಕೊಳ್ಳಿರಿ. ಮನಸ್ಸಿನಲ್ಲಿ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ಎಣಿಸುವ ಬದಲು ಮಂತ್ರ ಹೇಳಿಕೊಳ್ಳುವವರು ಹಾಗೆಯೇ ಮಾಡಬಹುದು. ಐದು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ.

4. ಮುಗಿದ ಮೇಲೆ ಹತ್ತಿಯನ್ನು ಮುಚ್ಚಳದ ಡಬ್ಬಿಗೆ ಹಾಕಿ, ಸಾಬೂನಿನಿಂದ ಕೈ ತೊಳೆಯಿರಿ. ಕೈಗೆ ವಾಸನೆ ಉಳಿದಿದ್ದರೆ ಇನ್ನೊಮ್ಮೆ ತೊಳೆಯಿರಿ. ಅದಾದ ಮೇಲೆಯೇ ಕೂಸಿನ ಹತ್ತಿರ ಹೋಗಬೇಕು.

5. ತಲೆನೋವು, ವಾಕರಿಕೆ, ಕೆಮ್ಮು ಬಂದರೆ ಕೂಡಲೇ ನಿಲ್ಲಿಸಿರಿ. ದಮ್ಮು, ಅರೆತಲೆನೋವು, ಅಲರ್ಜಿ, ಫಿಟ್ಸ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು.

ದುಬಾರಿ ಬಾಟಲಿ ಕೊಳ್ಳಲೇಬೇಕೆಂಬ ನಿಯಮವಿಲ್ಲ. ನಿಂಬೆಹಣ್ಣಿನ ಸಿಪ್ಪೆ ಚಿವುಟಿ ಮೂಸಬಹುದು, ಜಜ್ಜಿದ ಕೊತ್ತಂಬರಿ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಮೂಸಬಹುದು, ಎರಡು ಎಸಳು ದವನ ಕೈಯಲ್ಲಿ ಹಿಡಿಯಬಹುದು. ಅಧ್ಯಯನಗಳು ಬಾಟಲಿಯ ತೈಲದ ಮೇಲೆ ನಡೆದಿವೆ ಎಂಬುದು ನಿಜ. ಆದರೆ ತವರಿನ ನೆನಪು ತರುವ ಪರಿಮಳಕ್ಕೂ ತನ್ನದೇ ಬಲವಿದೆ, ನಿಧಾನದ ಉಸಿರಿಗೂ ಇದೆ. ಅಂಗಡಿಯ ಸೆಂಟು, ರೂಮಿಗೆ ಹೊಡೆಯುವ ಸ್ಪ್ರೇ ಇವು ಸುಗಂಧ ಚಿಕಿತ್ಸೆಯಲ್ಲ.

ಮಲ್ಲಿಗೆಯ ಬಗ್ಗೆ ಒಂದು ಎಚ್ಚರಿಕೆ. ಹಾಲು ನಿಲ್ಲಿಸಲು ಎದೆಗೆ ಮಲ್ಲಿಗೆ ಕಟ್ಟುವ ರೂಢಿ ನಮ್ಮ ದಕ್ಷಿಣದಲ್ಲಿ ಮೊದಲಿನಿಂದಲೂ ಇದೆ. ವೆಲ್ಲೂರಿನ ವೈದ್ಯರು ಇದನ್ನು ಪರೀಕ್ಷಿಸಿ, ಹಾಲು ನಿಲ್ಲಿಸುವ ಬ್ರೊಮೊಕ್ರಿಪ್ಟಿನ್ ಮಾತ್ರೆಯೊಂದಿಗೆ ಹೋಲಿಸಿ 1988ರಲ್ಲಿ ಪ್ರಕಟಿಸಿದರು. ಹೂವು ಕಟ್ಟಿದವರಲ್ಲಿಯೂ ಪ್ರೊಲ್ಯಾಕ್ಟಿನ್ ಇಳಿದಿತ್ತು, ಹಾಲು ಕಡಿಮೆಯಾಗಿತ್ತು. ನಮ್ಮ ಹಿರಿಯರ ಅನುಭವ ಇಲ್ಲಿ ಸುಳ್ಳಾಗಲಿಲ್ಲ. ಆದ್ದರಿಂದ ಒಂದೊಂದು ಹನಿ ಹಾಲಿಗೂ ಕಾಯುತ್ತಿರುವ ತಾಯಂದಿರು ಮಲ್ಲಿಗೆಯನ್ನು ಎದೆಯ ಬಳಿ ಇಡಬೇಡಿರಿ. ಪರಿಮಳಕ್ಕೆ ಬೇರೆ ಯಾವುದನ್ನಾದರೂ ಆರಿಸಿಕೊಳ್ಳಿರಿ.

ಇದನ್ನು ಮಾಡಲೇಬೇಡಿರಿ

ಅಜ್ಜಿಯರು ಈ ಭಾಗವನ್ನು ವಿಶೇಷವಾಗಿ ಕೇಳಿಸಿಕೊಳ್ಳಬೇಕು. ನಿಮ್ಮ ಪ್ರೀತಿಯ ಮೇಲೆ ನಮಗೆ ಅನುಮಾನವಿಲ್ಲ. ಒಮ್ಮೆ ಒಬ್ಬ ಅಜ್ಜಿ ಕೂಸಿಗೆ ಥಂಡಿ ಆಗಬಾರದೆಂದು ಕರ್ಪೂರ ಮತ್ತು ಓಮದ ಚಿಕ್ಕ ಗಂಟು ಕಟ್ಟಿ, ಮಡಿಚಿದ ಬಟ್ಟೆಯೊಳಗೆ ಇಟ್ಟು ಕಳಿಸಿದ್ದರು. ಬಟ್ಟೆ ಬಿಚ್ಚುವಾಗ ಸಿಸ್ಟರ್ ಮೂಗಿಗೆ ವಾಸನೆ ಬಂದು ಅದು ಕೂಸಿನ ಹತ್ತಿರ ಹೋಗುವುದು ತಪ್ಪಿತು. ಅಜ್ಜಿ ತಮ್ಮ ಆರು ಮಕ್ಕಳನ್ನು ಹಾಗೆಯೇ ಬೆಳೆಸಿದ್ದರು. ಆದರೆ ಆ ಆರೂ ದಿನ ತುಂಬಿದ ಮಕ್ಕಳು.

ದಿನ ತುಂಬದ ಕೂಸಿನ ಶ್ವಾಸಕೋಶ ಇನ್ನೂ ಬಲಿತಿಲ್ಲ, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಯಕೃತ್ತಿಗೆ ವಿಷ ಹೊರಹಾಕುವ ಶಕ್ತಿ ಕಡಿಮೆ. ಆದ್ದರಿಂದ:

- ಕರ್ಪೂರ, ನೀಲಗಿರಿ ಎಣ್ಣೆ, ಪುದೀನ ಸತ್ವ, ನೆಗಡಿಗೆ ಹಚ್ಚುವ ಮುಲಾಮು ಇವು ಎಳೆ ಕೂಸಿನ ಹತ್ತಿರ ಬರಬಾರದು. ಇವುಗಳ ಘಾಟಿಗೆ ಕೂಸಿನ ಗಂಟಲು ಬಿಗಿದು ಉಸಿರು ನಿಲ್ಲಬಹುದು. ಕರ್ಪೂರ ಅಥವಾ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ.

- ಸುಗಂಧ ತೈಲವನ್ನು ಕೂಸಿನ ಮೈಗೆ, ತಲೆಗೆ, ಹಾಸಿಗೆಗೆ ಹಾಕಬಾರದು. ತಾಯಿಯೂ ಅದನ್ನು ಕುಡಿಯಬಾರದು, ಎದೆಗೆ ಹಚ್ಚಿಕೊಳ್ಳಬಾರದು.

- ಸಾಂಬ್ರಾಣಿ, ಲೋಬಾನದ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ ಆಸ್ಪತ್ರೆಯಲ್ಲಂತೂ ಇಲ್ಲವೇ ಇಲ್ಲ. ಆಕ್ಸಿಜನ್ ಇರುವ ಕಡೆ ಕಿಡಿ ಎಂದರೆ ಬೆಂಕಿ. ಮನೆಗೆ ಹೋದ ಮೇಲೆಯೂ ಕೂಸು ಮಲಗುವ ಕೋಣೆಯಲ್ಲಿ ಹೊಗೆ ಬೇಡ. ಬಾಣಂತಿಯ ಅಗ್ಗಿಷ್ಟಿಕೆಯನ್ನೂ ಆ ಕೋಣೆಯಲ್ಲಿ ಇಡಬೇಡಿರಿ.

- ಬಜೆ ತೇಯ್ದು ನೆಕ್ಕಿಸುವುದು, ಗುಟ್ಟಿ ಹಾಕುವುದು ಬೇಡ.

- ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಬಟ್ಟೆಯನ್ನು ಹಾಗೆಯೇ ಕೂಸಿಗೆ ಸುತ್ತಬೇಡಿರಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವದ ಕೊರತೆ ಇರುತ್ತದೆ. ನುಸಿಗುಳಿಗೆಯ ಆವಿಯಿಂದ ಅಂಥವರ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಹಳೆಯ ಬಟ್ಟೆಯನ್ನು ಒಗೆದು ಬಿಸಿಲಿಗೆ ಹಾಕಿ ತನ್ನಿರಿ.

ವಿಭೂತಿ ಹಚ್ಚಬಹುದೇ, ಲಿಂಗಧಾರಣೆ ಯಾವಾಗ ಮಾಡಿಸಬೇಕು ಎಂದು ಕೇಳುವಿರಿ. ವಿಭೂತಿಯ ಪುಡಿ ಕೂಸಿನ ಮೂಗಿಗೆ, ಕೊಳವೆಗಳಿಗೆ ಹೋಗಬಾರದು. ಅದನ್ನು ತಾಯಿಯ ಹಣೆಗೆ ಹಚ್ಚಿರಿ. ದಾರ, ವಸ್ತ್ರ ಕಟ್ಟುವ ಸಂಸ್ಕಾರಗಳನ್ನು ಕೂಸು ಎನ್‌ಐಸಿಯುದಿಂದ ಹೊರಬಂದ ಮೇಲೆ ನೆಮ್ಮದಿಯಿಂದ ಮಾಡಿಸಬಹುದು. ಜೀವ ಉಳಿಸಿಕೊಳ್ಳುವ ದಿನಗಳಲ್ಲಿ ಸ್ವಲ್ಪ ಕಾದರೆ ದೇವರು ಮುನಿಯುವುದಿಲ್ಲ.

ಕೂಸಿಗೆ ಬೇಕಾದ ಪರಿಮಳ

ಇಷ್ಟೆಲ್ಲ ಬೇಡ ಎಂದಿರಲ್ಲ, ಹಾಗಾದರೆ ಕೂಸಿಗೆ ಯಾವ ಪರಿಮಳವೂ ಬೇಡವೇ? ಬೇಕು. ಅದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಅದು ತಾಯಿಯ ಮೈವಾಸನೆ ಮತ್ತು ತಾಯಿಯ ಹಾಲಿನ ವಾಸನೆ.

1975ರಲ್ಲಿ ಇಂಗ್ಲೆಂಡಿನ ವೈದ್ಯ ಮೆಕ್‌ಫರ್ಲೇನ್ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಕೂಸಿನ ತಲೆಯ ಒಂದು ಪಕ್ಕಕ್ಕೆ ಅದರ ತಾಯಿಯ ಎದೆಹಾಲು ತಾಗಿದ ಬಟ್ಟೆ, ಇನ್ನೊಂದು ಪಕ್ಕಕ್ಕೆ ಬೇರೊಬ್ಬ ತಾಯಿಯ ಬಟ್ಟೆ ಇಟ್ಟು ನೋಡಿದರು. ಆರು ದಿನದ ಕೂಸುಗಳು ತಮ್ಮ ತಾಯಿಯ ಬಟ್ಟೆಯ ಕಡೆಗೇ ಹೆಚ್ಚು ಹೊತ್ತು ಮುಖ ತಿರುಗಿಸಿದವು. ಕಣ್ಣು ಸರಿಯಾಗಿ ಕಾಣದ ವಯಸ್ಸಿನಲ್ಲಿ ಮೂಗು ತಾಯಿಯನ್ನು ಗುರುತಿಸುತ್ತದೆ. ದಿನ ತುಂಬದ ಕೂಸುಗಳೂ ಸುಮಾರು 28-30 ವಾರಗಳ ಹೊತ್ತಿಗೆ ವಾಸನೆಗೆ ಸ್ಪಂದಿಸಬಲ್ಲವು.

ಅದಕ್ಕಾಗಿಯೇ ನಮ್ಮ ಸಿಸ್ಟರ್‌ಗಳು ನಿಮಗೆ ಚಿಕ್ಕ ಹತ್ತಿ ಬಟ್ಟೆಯ ತುಂಡು ಕೊಟ್ಟು, ಕೆಲ ಹೊತ್ತು ಎದೆಯ ಮೇಲೆ ಇಟ್ಟುಕೊಳ್ಳಿ ಎನ್ನುವುದು. ಆ ಬಟ್ಟೆ ಕೂಸಿನ ಹತ್ತಿರ ಇರುತ್ತದೆ. ಕೂಸಿನ ಹತ್ತಿರ ಇದ್ದ ಬಟ್ಟೆ ನಿಮ್ಮ ಕೈಗೆ ಬರುತ್ತದೆ. ಹಾಲು ಹಿಂಡುವಾಗ ಅದನ್ನು ಮೂಸಿರಿ, ಕೂಸನ್ನು ನೆನೆಯಿರಿ. ಹಾಲು ಇಳಿಯಲು ಅನುಕೂಲವಾಗುತ್ತದೆ ಎಂದು ಅನೇಕ ತಾಯಂದಿರು ಹೇಳಿದ್ದಾರೆ. ಇಲ್ಲಿ ತಾಯಿಗೆ ಕೂಸೇ ಪರಿಮಳ, ಕೂಸಿಗೆ ತಾಯಿಯೇ ಪರಿಮಳ. ಲ್ಯಾವೆಂಡರ್ ಮುಟ್ಟಿದ ಕೈ ತೊಳೆದು ಬನ್ನಿ, ಸೆಂಟು ಹಾಕಿಕೊಳ್ಳಬೇಡಿ, ಘಾಟು ಪೌಡರು ಬೇಡ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ಬೇರೆ ವಾಸನೆಯಲ್ಲಿ ನಿಮ್ಮ ವಾಸನೆ ಮುಚ್ಚಿಹೋಗಬಾರದು.

ಇದರ ಮುಂದಿನ ಹೆಜ್ಜೆ ಕಾಂಗರೂ ತಾಯಿ ಆರೈಕೆ. ಕೂಸನ್ನು ಬರೀ ಮೈಯಲ್ಲಿ ತಾಯಿಯ ಎದೆಗೆ ಅವಚಿ ಬಟ್ಟೆ ಸುತ್ತಿ ಇಟ್ಟುಕೊಳ್ಳುವುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ವಾರ್ಮರ್‌ಗಳ ಕೊರತೆಯಿಂದ ಎಡ್ಗರ್ ರೇ ಎಂಬ ವೈದ್ಯರು ಇದನ್ನು ಶುರುಮಾಡಿದರು. ಕೊರತೆಯಲ್ಲಿ ಹುಟ್ಟಿದ ಈ ಉಪಾಯ ಇಂದು ಜಗತ್ತಿಗೆ ಮಾದರಿಯಾಗಿದೆ. ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದ ಕಡಿಮೆ ತೂಕದ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ಶೇ. 25ರಷ್ಟು ಕಡಿಮೆಯಾಯಿತು. ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ಮಾಡಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಹಳ್ಳಿಹಳ್ಳಿಯ ತಾಯಂದಿರಿಗೆ ಮುಟ್ಟಿಸುವ ಕೆಲಸ ನಡೆದು, ಸಾಧ್ಯವೆಂದು ತೋರಿಸಿದೆ. ಹರಿಯಾಣದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮನೆಯಲ್ಲಿ ಹೀಗೆ ಆರೈಕೆ ಮಾಡಿದ ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳೂ ಕಡಿಮೆ ಕಂಡವು. ಹಾಗಾಗಿ ತಾಯಿಯ ಆತಂಕಕ್ಕೂ ಎಣ್ಣೆಯ ಬಾಟಲಿಗಿಂತ ದೊಡ್ಡ ಮದ್ದು ಇದೇ. ತಾಯಿಗೆ ದಣಿವಾದಾಗ ಅಪ್ಪ ಇಟ್ಟುಕೊಳ್ಳಬಹುದು, ಅಜ್ಜಿಯೂ ಇಟ್ಟುಕೊಳ್ಳಬಹುದು.

ಪರಿಮಳಕ್ಕೆ ನಿಲುಕದ ನೋವು

ಇನ್ನೊಬ್ಬ ತಾಯಿಯ ವಿಷಯವನ್ನೂ ಹೇಳಬೇಕು. ಆಕೆಗೂ ಇದೇ ಹತ್ತಿಯ ಉಂಡೆ ಕೊಟ್ಟೆವು. ಆಕೆ ಸುಮ್ಮನೆ ಕೈಯಲ್ಲಿ ಹಿಡಿದು ಕುಳಿತಳು. ಏನೂ ಆಗಲಿಲ್ಲ. ಊಟ ಬಿಟ್ಟಿದ್ದಳು, ಕೂಸನ್ನು ನೋಡಿದರೂ ಮುಖದಲ್ಲಿ ಬದಲಾವಣೆ ಇರಲಿಲ್ಲ. "ನಾನು ಇರಬಾರದಿತ್ತು" ಎಂದು ಒಮ್ಮೆ ಅಂದಳು. ಅದು ಬರೀ ಆತಂಕವಾಗಿರಲಿಲ್ಲ, ಬಾಣಂತಿ ಖಿನ್ನತೆ ಎಂಬ ಕಾಯಿಲೆ. ಮನೋವೈದ್ಯರ ಬಳಿ ಕಳಿಸಿದೆವು. ಮಾತಿನ ಚಿಕಿತ್ಸೆ, ಮೊಲೆಯೂಡಿಸುವಾಗ ತೆಗೆದುಕೊಳ್ಳಬಹುದಾದ ಮಾತ್ರೆ ಎರಡೂ ಸೇರಿ ಕೆಲವು ವಾರಗಳಲ್ಲಿ ಆಕೆ ಚೇತರಿಸಿಕೊಂಡಳು. ಪರಿಮಳ ಸಾಕೆಂದು ನಾವು ಅಲ್ಲೇ ನಿಂತಿದ್ದರೆ ದೊಡ್ಡ ತಪ್ಪಾಗುತ್ತಿತ್ತು.

ಎರಡು ವಾರ ಕಳೆದರೂ ಬೇಸರ ಇಳಿಯದಿದ್ದರೆ, ಕೂಸು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲೆ ಮನಸ್ಸೇ ಹರಿಯದಿದ್ದರೆ ನಮಗೆ ತಿಳಿಸಿರಿ. ಸಾಯುವ ಮಾತು ಆಡಿದರೆ, ಯಾರೋ ಮಾತನಾಡುತ್ತಿರುವಂತೆ ಕೇಳಿಸುತ್ತದೆ ಎಂದರೆ ಒಂದು ಗಂಟೆಯೂ ಕಾಯಬೇಡಿರಿ; ಅಂಥವರನ್ನು ಒಂಟಿಯಾಗಿ ಬಿಡಬೇಡಿರಿ. ಇದನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲಿಯೂ ಇದೆ. ಅದನ್ನು ಕೊಟ್ಟಾಗ ಸಂಕೋಚವಿಲ್ಲದೆ ನಿಜ ಹೇಳಿರಿ. ಮನೆಗೆ ಹೋದ ಮೇಲೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು. ಅದು ಉಚಿತ. ಕನ್ನಡದಲ್ಲಿಯೇ ಮಾತನಾಡಬಹುದು.

ಬಂಧುಗಳಿಗೆ ಒಂದು ಮಾತು

ಆತಂಕ ಇಳಿಸುವ ಕೆಲಸ ಆಸ್ಪತ್ರೆಯವರದ್ದು ಮಾತ್ರವಲ್ಲ. ಯಜಮಾನರೇ, ದಿನಕ್ಕೊಮ್ಮೆ ಆಕೆಯ ಪಕ್ಕದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿರಿ. ಬಿಲ್ಲಿನ ಚಿಂತೆ ಆ ಹೊತ್ತಿನಲ್ಲಿ ಬೇಡ. ಅತ್ತೆಯವರೇ, ದಾಸೋಹದ ಪ್ರಸಾದ ಬಿಸಿಯಿರುವಾಗಲೇ ಆಕೆ ಉಣ್ಣುವಂತೆ ನೋಡಿಕೊಳ್ಳಿರಿ. ದಿನಕ್ಕೆ ಎಂಟು ಸಲವಾದರೂ ಹಾಲು ಹಿಂಡಬೇಕಾದವಳು ರಾತ್ರಿಯೂ ಏಳುತ್ತಾಳೆ. ಹಗಲಿನಲ್ಲಿ ಒಂದು ತಾಸು ಮಲಗಲು ಬಿಡಿರಿ. ನೋಡಲು ಬಂದವರು "ಇಷ್ಟ ಸಣ್ಣ ಕೂಸು ಉಳೀತೈತೇನು" ಎಂದು ಆಕೆಯ ಎದುರಿಗೆ ಕೇಳದಂತೆ ತಡೆಯಿರಿ. ಮಷೀನು ಕೂಗಿದಾಗ ಎಲ್ಲ ಸಲವೂ ಅಪಾಯವೆಂದಲ್ಲ. ಕೂಸು ಕಾಲಾಡಿಸಿದಾಗ ವೈರು ಸಡಿಲವಾದರೂ ಅದು ಕೂಗುತ್ತದೆ. ಅನುಮಾನವಿದ್ದರೆ ಸಿಸ್ಟರ್‌ಗೆ ಕೇಳಿರಿ. ಎಷ್ಟು ಸಲ ಕೇಳಿದರೂ ಅವರು ಬೇಸರಿಸಬಾರದು; ಅದು ನಮ್ಮ ಕಾಯಕ.

ಮೊದಲು ಹೇಳಿದ ಆ ಹೆಣ್ಣು ಕೂಸು 41 ದಿನ ನಮ್ಮಲ್ಲಿತ್ತು. ಮನೆಗೆ ಹೋಗುವ ದಿನ ತೂಕ 1 ಕೆ.ಜಿ. 950 ಗ್ರಾಂ. ಆ ತಾಯಿ ಹೋಗುವಾಗ ಬೆಂಚಿನ ಕಡೆ ನೋಡಿ, ಅಲ್ಲಿ ಹೊಸದಾಗಿ ಬಂದು ಕುಳಿತಿದ್ದ ಇನ್ನೊಬ್ಬ ಬಾಣಂತಿಯ ಹತ್ತಿರ ಹೋದಳು. "ಬಾ ತಂಗಿ, ಕೈ ತೊಳ್ಕೊ, ನಾನೂ ಬಾಗಿಲತನ ಬರ್ತೀನಿ" ಅಂದಳು. ಇಲ್ಲಿ ಕುಳಿತಿರುವ ತಾಯಂದಿರೂ ಒಬ್ಬರಿಗೊಬ್ಬರು ಹೀಗೆ ಜೊತೆಯಾಗಿರಿ ಎಂದು ಕೇಳಿಕೊಳ್ಳುತ್ತೇನೆ.

 ಪ್ರಶ್ನೆಗಳಿದ್ದರೆ ಇಲ್ಲಿಯೇ ಕೇಳಬಹುದು. ಎಲ್ಲರೆದುರು ಕೇಳಲು ಸಂಕೋಚವಾದವರು ಹಾಲು ಹಿಂಡುವ ಕೊಠಡಿಯಲ್ಲಿ ಸಿಸ್ಟರ್ ಅವರನ್ನು ಕಾಣಬಹುದು. ನಿಮ್ಮ ಕೂಸುಗಳು ಬೇಗನೆ ತೂಕ ತುಂಬಿ ಮನೆ ಸೇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.